ಮಲೆನಾಡಿನ ಹಳೆಯ ಭಾವಚಿತ್ರಗಳು: ಉಳಿಸಿಕೊಳ್ಳುವ ಹೊಣೆ ಯಾರದು?

ಈ ಪತ್ರಿಕೆಯ ಪುಟಗಳಲ್ಲಿ ಸಾಮಾನ್ಯವಾಗಿ ನಾವು ಓದುವುದು ಧಾರಣೆಯ ವಿಚಾರ, ಕೊಳೆರೋಗದ ವಿಚಾರ, ಕಾಂಡಕೊರಕದ ವಿಚಾರ, ಗೊಬ್ಬರದ ವಿಚಾರ. ಅವೆಲ್ಲ ಬೇಕಾದವೇ. ಆದರೆ ಈ ಸಲ ಸಂಪಾದಕರ ಅಪ್ಪಣೆ ಪಡೆದು ಬೇರೊಂದು ವಿಷಯವನ್ನು ಸದಸ್ಯ ಬಾಂಧವರ ಮುಂದಿಡಲು ಬಯಸುತ್ತೇನೆ. ಅದು ನಮ್ಮ ನಮ್ಮ ಮನೆಯ ಜಗಲಿಯ ಗೋಡೆಯಲ್ಲಿ, ಮೆತ್ತಿನ ಮೂಲೆಯಲ್ಲಿ, ಹಳೆಯ ಟ್ರಂಕಿನ ತಳದಲ್ಲಿ ಬಿದ್ದಿರುವ ಹಳೆಯ ಫೋಟೋಗಳ ವಿಷಯ. “ಎಲೆಚುಕ್ಕಿ ರೋಗದಿಂದ ತೋಟ ಹೋಗುತ್ತಿದೆ, ಇವರಿಗೆ ಫೋಟೋದ ಚಿಂತೆ!” ಎಂದು ಕೆಲವರು ಪುಟ ಮಗುಚಬಹುದು. ಅಂಥವರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ವಿನಂತಿ. ತೋಟದ ವಿಚಾರವೂ ಮುಂದೆ ಬರುತ್ತದೆ.

ಮಲೆನಾಡಿನ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಅಣ್ಣತಮ್ಮಂದಿರು ಪಾಲಾಗಿ ತಾರಸಿ ಮನೆ ಕಟ್ಟಿಕೊಳ್ಳುತ್ತಾರೆ. ತಪ್ಪೇನಿಲ್ಲ, ನಾಲ್ಕು ತಿಂಗಳ ಮಳೆಗೆ ಹೆಂಚು ಹೊದಿಸಿ ಹೊದಿಸಿ ಸಾಕಾದವರಿಗೇ ಅದರ ಕಷ್ಟ ಗೊತ್ತು. ಪಾಲಾಗುವಾಗ ಪಾತ್ರೆ, ಕಡಾಯಿ, ತಾಮ್ರದ ಹಂಡೆ, ನಾಗಂದಿಗೆಯ ಮೇಲಿದ್ದ ಹಿತ್ತಾಳೆ ದೀಪ, ಇವೆಲ್ಲಕ್ಕೂ ಲೆಕ್ಕವಿರುತ್ತದೆ. ಜಗಲಿಯ ಗೋಡೆಯಲ್ಲಿ ಸಾಲಾಗಿ ತೂಗುಹಾಕಿದ್ದ ಭಾವಚಿತ್ರಗಳಿಗೆ ಮಾತ್ರ ಲೆಕ್ಕವಿಲ್ಲ. ಹೊಸ ಮನೆಯ ಬಣ್ಣದ ಗೋಡೆಗೆ ಮೊಳೆ ಹೊಡೆಯಲು ಮನಸ್ಸಿಲ್ಲ. ಹೀಗಾಗಿ ಅಜ್ಜ, ಮುತ್ತಜ್ಜ, ಮನೆ ಒಕ್ಕಲಾದ ದಿನದ ಗುಂಪು, ಊರಿನ ಶಾಲೆಯ ಮೊದಲ ವರ್ಷದ ಮಕ್ಕಳು, ಎಲ್ಲರೂ ಗೋಣಿಚೀಲ ಸೇರಿ ಸೌದೆಕೊಟ್ಟಿಗೆಯ ಅಟ್ಟಕ್ಕೆ ಹೋಗುತ್ತಾರೆ. ಅಲ್ಲಿಂದ ಮುಂದಿನ ಕೆಲಸ ಗೆದ್ದಲಿನದು.

ಹಳೆಯ ಚಿತ್ರವೊಂದರಿಂದ ಏನು ಪ್ರಯೋಜನವೆಂಬುದಕ್ಕೆ ನಮ್ಮ ನೆರೆಯ ಹಾಸನ ಜಿಲ್ಲೆಯ ಉದಾಹರಣೆಯನ್ನೇ ಕೊಡಬಹುದು. ಮೈಸೂರು ಸೀಮೆಯಲ್ಲಿ ಅಧಿಕಾರಿಯಾಗಿದ್ದ ಓಕ್ಲೆ ಎಂಬಾತ 1850ರ ದಶಕದಲ್ಲಿ ಹಳೇಬೀಡಿಗೆ ಕ್ಯಾಮೆರಾ ಹೊತ್ತುಕೊಂಡು ಹೋಗಿ ಹೊಯ್ಸಳೇಶ್ವರ ದೇವಾಲಯದ ಚಿತ್ರಗಳನ್ನು ತೆಗೆದ. ಅವುಗಳಲ್ಲಿ 56 ಚಿತ್ರಗಳನ್ನು ಸೇರಿಸಿದ ಪುಸ್ತಕ 1859ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಅದಾದ ಕೆಲವೇ ವರ್ಷಗಳಲ್ಲಿ, 1866ರಲ್ಲಿ, ಪಿಗೋ, ನೀಲ್ ಮತ್ತು ಬಿಗ್ಸ್ ಎಂಬ ಮೂವರು ತೆಗೆದ ಧಾರವಾಡ ಮತ್ತು ಮೈಸೂರು ಸೀಮೆಯ ದೇವಾಲಯಗಳ ಚಿತ್ರಗಳು ದೊಡ್ಡ ಗ್ರಂಥವಾಗಿ ಅಚ್ಚಾದವು. ಹಳೇಬೀಡಿನ ಕೇದಾರೇಶ್ವರ ದೇವಾಲಯವನ್ನು ನೋಡಿದವರಿಗೆ ಗೊತ್ತು, ಅದಕ್ಕೆ ಇಂದು ಶಿಖರವಿಲ್ಲ. ಆ ಕಾಲದಲ್ಲಿ ಶಿಖರವಿತ್ತು, ಅದರ ಮೇಲೆ ಮರವೊಂದು ಬೇರುಬಿಟ್ಟು ಕಲ್ಲುಗಳನ್ನು ಸಡಿಲಿಸುತ್ತಿತ್ತು. ಆ ಮೇಲೆ ಕಟ್ಟಡ ಕುಸಿದು, ಉಳಿದ ಭಾಗವನ್ನು ಜೋಡಿಸಿ ನಿಲ್ಲಿಸಲಾಯಿತು. ಕುಸಿಯುವ ಮುನ್ನ ಅದು ಹೇಗಿತ್ತೆಂದು ಕಣ್ಣಾರೆ ಕಾಣಬೇಕಾದರೆ ಆ ಕಾಲದ ಚಿತ್ರಗಳೇ ಗತಿ.

ದೇವಾಲಯದ ಮಾತು ಹಾಗಿರಲಿ, ಮನುಷ್ಯರ ವಿಷಯಕ್ಕೆ ಬರೋಣ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಅಚ್ಚುಕೂಟ ಹಾಕಿದರು, ಹೆಂಚಿನ ಕಾರ್ಖಾನೆ ಹಾಕಿದರು. ನಮ್ಮ ಎಷ್ಟೋ ಮನೆಗಳ ಮಾಡಿನ ಮೇಲಿರುವ ಹೆಂಚು ಆ ಪರಂಪರೆಯದೇ. ಅವರು ದಕ್ಷಿಣ ಕನ್ನಡ, ಕೊಡಗು, ಧಾರವಾಡ ಕಡೆಗಳಲ್ಲಿ ತೆಗೆದ ಚಿತ್ರಗಳು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಪಟ್ಟಣದ ದಫ್ತರಖಾನೆಯಲ್ಲಿ ಇಂದಿಗೂ ಜೋಪಾನವಾಗಿವೆ. ಈಗ ಅವನ್ನು ಇಲ್ಲಿ ಕುಳಿತೇ ಇಂಟರ್‌ನೆಟ್‌ನಲ್ಲಿ ನೋಡಬಹುದು. ಸಂತೆ, ಶಾಲೆ, ಮಗ್ಗದ ಮನೆ, ಹೊಳೆ ದಾಟುವ ದೋಣಿ, ಮನೆಯ ಮುಂದೆ ನಿಂತ ಮಂದಿ, ಎಲ್ಲವೂ ಇವೆ. ನಮ್ಮ ಮುತ್ತಜ್ಜಂದಿರ ಕಾಲದ ಊರು ನೋಡಲು ಬಾಸೆಲ್ಲಿಗೂ ಲಂಡನ್ನಿಗೂ ಮೊರೆಹೋಗಬೇಕಾಗಿದೆಯಲ್ಲ ಎಂದು ಕೆಲವರು ಬೇಸರಪಡುತ್ತಾರೆ. ನನಗೆ ಬೇಸರಕ್ಕಿಂತ ನಾಚಿಕೆಯೇ ಹೆಚ್ಚು. ಅವರು ಮಾಡಿದ್ದು ದೊಡ್ಡ ಪವಾಡವೇನಲ್ಲ: ಚಿತ್ರಕ್ಕೆ ನಂಬರು ಕೊಟ್ಟರು, ಎಲ್ಲಿ ಯಾವಾಗ ತೆಗೆದದ್ದೆಂದು ಬರೆದಿಟ್ಟರು, ತೇವ ತಾಗದಂತೆ ಇಟ್ಟರು. ಇಷ್ಟೇ.

ಆದರೆ ಒಂದು ಕೊರತೆ ಅಂಥ ಹಳೆಯ ಸಂಗ್ರಹಗಳಲ್ಲಿ ಎದ್ದು ಕಾಣುತ್ತದೆ. 1868ರಿಂದ 1875ರವರೆಗೆ ಸರ್ಕಾರದವರು ಭಾರತದ ಜನರ ಬಗ್ಗೆ ಎಂಟು ಸಂಪುಟಗಳ ಚಿತ್ರಗ್ರಂಥವೊಂದನ್ನು ಹೊರಡಿಸಿದರು. ಅದರಲ್ಲಿ ಜನರಿದ್ದಾರೆ, ಆದರೆ ಬಹುಮಟ್ಟಿಗೆ ಹೆಸರಿಲ್ಲ. ಇಂಥ ಜಾತಿಯವನು, ಇಂಥ ಕಸುಬಿನವನು ಎಂಬ ಚೀಟಿ ಮಾತ್ರ. ಸಸ್ಯಶಾಸ್ತ್ರದವರು ಎಲೆ ಒಣಗಿಸಿ ಕಾಗದಕ್ಕೆ ಅಂಟಿಸಿದ ಹಾಗೆ. ಪರದೇಶದವರು ಹಾಗೆ ಮಾಡಿದರೆಂದು ದೂರುವುದು ಸುಲಭ. ನಮ್ಮ ಎಸ್ಟೇಟುಗಳ, ನಮ್ಮ ಅಡಿಕೆ ಮನೆಗಳ ಗುಂಪು ಫೋಟೋಗಳನ್ನು ಒಮ್ಮೆ ಇಳಿಸಿ ನೋಡಿರಿ. ನಡುವೆ ಕುರ್ಚಿಯ ಮೇಲೆ ಯಜಮಾನರು. ಪಕ್ಕದಲ್ಲಿ ಕೋಟು ಹಾಕಿದ ಅತಿಥಿಗಳು, ರೈಟರು. ಕಾಲ ಬಳಿ ನಾಯಿ. ಹಿಂದಿನ ಸಾಲಿನಲ್ಲಿ ಕಂಬಳಿ ಹೊದ್ದು ನಿಂತವರು ಹತ್ತು ಹದಿನೈದು ಮಂದಿ. ಕೆಳಗೆ ಬರೆದ ಹೆಸರುಗಳು ಕುರ್ಚಿಯ ಸಾಲಿಗೆ ಮುಗಿಯುತ್ತವೆ. ನಾಯಿಗೆ ಕೂಡ ಹೆಸರು ಬರೆದಿರುವ ಒಂದು ಚಿತ್ರವನ್ನು ನಾನು ಕಂಡಿದ್ದೇನೆ; ಮರ ಹತ್ತಿ ಕೊನೆ ಇಳಿಸಿದವನ ಹೆಸರಿಲ್ಲ.

ಈ ಕೊರತೆಯನ್ನು ಈಗಲೂ ಸ್ವಲ್ಪಮಟ್ಟಿಗೆ ತುಂಬಬಹುದು ಎಂಬುದೇ ನಾನು ಹೇಳಹೊರಟಿರುವ ಮುಖ್ಯ ವಿಚಾರ. ಕೆಲವು ವರ್ಷಗಳ ಹಿಂದೆ ನೆಂಟರ ಮನೆಯೊಂದರಲ್ಲಿ ಅಡಿಕೆ ಸುಗ್ಗಿ ಮುಗಿದ ದಿನ ಕಣದಲ್ಲಿ ತೆಗೆಸಿದ ಗುಂಪು ಚಿತ್ರವೊಂದನ್ನು ನೋಡುತ್ತಿದ್ದೆವು. 1950ರ ದಶಕದ್ದಿರಬೇಕು. ಹದಿನಾಲ್ಕು ಮಂದಿ ಇದ್ದರು. ಮನೆಯ ಗಂಡಸರಿಗೆ ಗುರುತು ಸಿಕ್ಕಿದ್ದು ಐದು ಮಂದಿಯದು. ಆ ಮೇಲೆ ಒಳಗಿನಿಂದ ದೊಡ್ಡಮ್ಮನವರು ಬಂದರು. ಕನ್ನಡಕ ಒರೆಸಿಕೊಂಡು ಒಬ್ಬೊಬ್ಬರ ಮೇಲೂ ಬೆರಳಿಟ್ಟು, “ಇಂವ ನಮ್ಮ ಕೊನೆಗೌಡ, ಈ ಹೆಂಗಸು ಅಡಿಕೆ ಸುಲಿಯಲಿಕ್ಕೆ ಬರ್ತಿದ್ದವಳು, ಮೆಟ್ಟುಗತ್ತಿ ಮೇಲೆ ಇವಳ ಕೈ ಓಡಿದ ಹಾಗೆ ಯಾರದ್ದೂ ಓಡ್ತಿರಲಿಲ್ಲ, ಈ ಹುಡುಗ ಮುಂದೆ ಘಟ್ಟದ ಕೆಳಗೆ ಹೋಟೆಲ್ ಇಟ್ಟ” ಎಂದು ಹನ್ನೊಂದು ಮಂದಿಯ ಹೆಸರು ಹೇಳಿದರು. ಮನೆಯ ಮಗಳೊಬ್ಬಳು ಪೆನ್ಸಿಲಿನಲ್ಲಿ ಬರೆದುಕೊಂಡಳು. ಉಳಿದ ಮೂವರ ಹೆಸರು ನೆನಪಾದರೆ ಹೇಳುತ್ತೇನೆಂದರು. ಮರುವರ್ಷ ದೊಡ್ಡಮ್ಮ ತೀರಿಕೊಂಡರು. ಆ ಮೂವರು ಇನ್ನು ಯಾರಿಗೂ ಗೊತ್ತಾಗಲಾರರು. ಅಂಥ ದೊಡ್ಡಮ್ಮಂದಿರು ನಮ್ಮ ಸಂಘದ ವ್ಯಾಪ್ತಿಯಲ್ಲಿ ಇನ್ನೂ ಇದ್ದಾರೆ. ಎಂಬತ್ತು ದಾಟಿದವರು, ತೊಂಬತ್ತರ ಹತ್ತಿರದವರು. ಗೆದ್ದಲು ತಿನ್ನುವುದಕ್ಕೆ ಮೊದಲೇ ಚಿತ್ರಗಳು ಹೀಗೆ ಹೆಸರು ಕಳೆದುಕೊಂಡು ಸಾಯುತ್ತವೆ.

ಇನ್ನು ಶರಾವತಿಯ ಕಥೆ. ಸಾಗರ, ಹೊಸನಗರ ಸೀಮೆಯ ಸದಸ್ಯರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಮೊದಲು ಹಿರೇಭಾಸ್ಕರ ಅಣೆಕಟ್ಟು, ಜೋಗದಲ್ಲಿ 1948ರಿಂದ ವಿದ್ಯುತ್ತು. ಆ ಬಳಿಕ 1964ರಲ್ಲಿ ಲಿಂಗನಮಕ್ಕಿ. ಹಿರೇಭಾಸ್ಕರ ಅಣೆಕಟ್ಟೇ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತು; ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮಾತ್ರ ತಲೆ ತೋರಿಸುತ್ತದೆ. ಅಣೆಕಟ್ಟಿಗೇ ಆ ಗತಿಯಾದರೆ ತೋಟ, ಗದ್ದೆ, ಮನೆ, ದೇವಸ್ಥಾನಗಳ ಪಾಡು ಏನಾಗಿರಬೇಕು! ಸಾಮಾನು ಲಾರಿಗೆ ಹೇರಿಕೊಂಡು ಹೊರಟವರು ಕಾಡಿನ ಅಂಚಿನಲ್ಲಿ ಇಳಿದು ಮತ್ತೆ ಮೊದಲಿನಿಂದ ಬಾಳು ಕಟ್ಟಿದರು. ಅವರ ಮೊಮ್ಮಕ್ಕಳ ಕಾಲಕ್ಕೂ ಭೂಮಿಯ ಹಕ್ಕಿನ ತಕರಾರು ತೀರಿಲ್ಲ. ನಾಡಿನ ಊರೂರಿಗೂ ದೀಪ ಹತ್ತಿದ್ದು ಈ ನೀರಿನಿಂದ. ಅಣೆಕಟ್ಟಿನ ಚಿತ್ರಗಳು, ಜನರೇಟರಿನ ಚಿತ್ರಗಳು, ಮಂತ್ರಿಗಳು ಗುಂಡಿ ಒತ್ತಿದ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಮುಳುಗಿದ ಊರಿನ ಒಂದು ಹೆಬ್ಬಾಗಿಲಿನ ಚಿತ್ರ ಎಷ್ಟು ಮನೆಗಳಲ್ಲಿದೆ? ಇದ್ದವರ ಹತ್ತಿರ ಇರುವುದು ಒಂದೋ ಎರಡೋ, ಅದೂ ಮದುವೆಗೆಂದು ತೆಗೆಸಿದ್ದು. ಮದುಮಕ್ಕಳ ಹಿಂದೆ ಮಸುಕಾಗಿ ಮನೆಯ ಕಂಬ, ಅಡಿಕೆ ಚಪ್ಪರ, ದೂರದಲ್ಲಿ ಗುಡ್ಡದ ಗೆರೆ. ಆ ಗುಡ್ಡ ಈಗ ನಡುಗಡ್ಡೆ.

ಇದೇ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆಯಿತು. ದಶಕಗಳ ಕಾಲ ದ್ವೀಪದಂತೆ ಬದುಕಿದ ಜನಕ್ಕೆ ದೊಡ್ಡ ಉಪಕಾರವಾಯಿತು, ಸಂತೋಷ. ಆದರೆ ಲಾಂಚಿಗಾಗಿ ಕಾದು ನಿಂತ ದಿನಗಳು, ಆಸ್ಪತ್ರೆಗೆಂದು ಹೊರಟು ದಡದಲ್ಲಿ ತಡೆದು ನಿಂತ ರಾತ್ರಿಗಳು, ಅಡಿಕೆ ಮೂಟೆ ಹೇರಿದ ಲಾರಿ ಲಾಂಚಿನ ಮೇಲೆ ಹತ್ತುವಾಗ ಉಸಿರು ಹಿಡಿದು ನೋಡುತ್ತಿದ್ದುದು, ಇವನ್ನು ಇನ್ನು ಇಪ್ಪತ್ತು ವರ್ಷ ಹೋದರೆ ಮಕ್ಕಳಿಗೆ ಹೇಗೆ ಹೇಳುವುದು? ಅಲ್ಲಿಯ ಜನ ತಮ್ಮ ಮೊಬೈಲಿನಲ್ಲಿ ತೆಗೆದ ಚಿತ್ರಗಳೇ ಅದಕ್ಕೆ ಸಾಕ್ಷಿ. ಅವು ಯಾರ ಮೊಬೈಲಿನಲ್ಲಿವೆಯೋ, ಆ ಮೊಬೈಲು ಯಾವ ಹೊಂಡಕ್ಕೆ ಬಿದ್ದಿದೆಯೋ. ಹಿಂದೆ ಮನೆಗೆ ಹತ್ತು ಚಿತ್ರವಿತ್ತು, ಹತ್ತೂ ಉಳಿಯುತ್ತಿದ್ದವು. ಈಗ ಹತ್ತು ಸಾವಿರ ತೆಗೆಯುತ್ತೇವೆ. ಮೊಬೈಲು ಕೆಟ್ಟ ದಿನ ಒಂದೂ ಇಲ್ಲ.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ಶಿವಮೊಗ್ಗ–ತಾಳಗುಪ್ಪ ರೈಲು ದಾರಿಯಲ್ಲಿ ಅರಸಾಳು ಎಂಬ ಸಣ್ಣ ಸ್ಟೇಷನ್ ಇದೆ. ಆರ್. ಕೆ. ನಾರಾಯಣರ ಕತೆಗಳನ್ನು ಶಂಕರನಾಗ್ ದೂರದರ್ಶನಕ್ಕೆ ಚಿತ್ರೀಕರಿಸಿದಾಗ ಅದು ಮಾಲ್ಗುಡಿ ಸ್ಟೇಷನ್ ಆಯಿತು. ಹಳೆಯ ಕಟ್ಟಡವನ್ನು ರೈಲ್ವೆಯವರು ಅಂದವಾಗಿ ರಿಪೇರಿ ಮಾಡಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನು ಮಾಡಿದ್ದಾರೆ. ನೋಡಲು ಚೆನ್ನಾಗಿದೆ, ಹೋಗಿಬನ್ನಿ. ಆದರೂ ನನಗೆ ಅನ್ನಿಸಿದ್ದುಂಟು: ಇಲ್ಲದ ಊರಿಗೆ ವಸ್ತುಸಂಗ್ರಹಾಲಯ ಬಂತು. ಮಲೇರಿಯಾ ಕಾಡುತ್ತಿದ್ದ ಆ ಕಾಲದ ಕಾಡಿನಲ್ಲಿ ಮಣ್ಣು ಹೊತ್ತು ಆ ದಾರಿಯನ್ನು ಹಾಕಿದವರ, ಅದರ ವ್ಯಾಗನ್ನುಗಳಿಗೆ ಮರದ ದಿಮ್ಮಿ ಏರಿಸಿದವರ ಮುಖ ನೋಡಲು ನಮಗೊಂದು ಗೋಡೆಯಿಲ್ಲ.

ಈಗ ತೋಟದ ವಿಚಾರ. ಮೈಸೂರು ಸರ್ಕಾರದ ಕೃಷಿ ವಿಭಾಗಕ್ಕೆ 1908ರಲ್ಲಿ ಬಂದ ಕೆನಡಾ ದೇಶದ ಲೆಸ್ಲಿ ಕೋಲ್‌ಮನ್ ಎಂಬ ವಿಜ್ಞಾನಿ ನಮ್ಮ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೊಡೆಯುವ ಪದ್ಧತಿ ಬೇರೂರಿದ್ದು ಅವರ ಆ ಕೆಲಸದಿಂದ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಆರಂಭವಾದದ್ದೂ ಅವರ ಕಾಲದಲ್ಲೇ. ಬೋರ್ಡೋ ಬರುವ ಮೊದಲು ನಮ್ಮವರು ಏನು ಮಾಡುತ್ತಿದ್ದರು? ಮಳೆ ಹಿಡಿಯುವ ಮುನ್ನ ಕೊನೆಕೊನೆಗೂ ಕರಡದಿಂದಲೋ ಹಾಳೆಯಿಂದಲೋ ಕೊಟ್ಟೆ ಕಟ್ಟುತ್ತಿದ್ದರು. ಆ ಕೊಟ್ಟೆಯನ್ನು ಹೇಗೆ ಹೆಣೆಯುತ್ತಿದ್ದರು, ಕೊನೆಯ ಮೇಲೆ ಹೇಗೆ ಕೂರಿಸುತ್ತಿದ್ದರು ಎಂಬುದನ್ನು ಮಾತಿನಲ್ಲಿ ಹೇಳುವುದು ಕಷ್ಟ. ಒಂದು ಒಳ್ಳೆಯ ಚಿತ್ರವಿದ್ದರೆ ನೋಡಿದ ಕೂಡಲೇ ತಿಳಿಯುತ್ತದೆ. ಈಗ ಕೊಟ್ಟೆಯ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಹೆಣೆಯಬಲ್ಲ ಕೈಗಳು ಕಡಿಮೆಯಾಗಿವೆ.

ಇನ್ನೂ ಹೇಳಬೇಕೆಂದರೆ, ಹಳೆಯ ಚಿತ್ರದಲ್ಲಿ ಮುಂದೆ ನಿಂತ ಮನುಷ್ಯರಿಗಿಂತ ಅವರ ಹಿಂದಿನ ಗಿಡಮರಗಳೇ ಒಮ್ಮೊಮ್ಮೆ ಹೆಚ್ಚು ಹೇಳುತ್ತವೆ. ಕಾಫಿಯ ಮೇಲೆ ಯಾವ ನೆರಳು ಇತ್ತು? ಕಾಡುಮರವೇ, ಸಿಲ್ವರ್ ಓಕೇ? ನೆರಳು ಎಷ್ಟು ದಟ್ಟ? ಅಡಿಕೆ ಮರಗಳ ನಡುವಿನ ಅಂತರ ಎಷ್ಟು, ಬಸಿಗಾಲುವೆ ಎಲ್ಲಿತ್ತು? ತೋಟದ ಮೇಲಿನ ಸೊಪ್ಪಿನ ಬೆಟ್ಟ ಬೋಳಾಗಿತ್ತೇ, ತುಂಬಿತ್ತೇ? “ನಮ್ಮಜ್ಜನ ಕಾಲದಲ್ಲಿ ಇಲ್ಲೆಲ್ಲ ದಟ್ಟ ಕಾಡು” ಎಂದು ಹೇಳುವವರೂ ಇದ್ದಾರೆ, “ಆಗ ಇದೆಲ್ಲ ಬೋಳುಗುಡ್ಡ, ನಾವೇ ಮರ ಬೆಳೆಸಿದ್ದು” ಎನ್ನುವವರೂ ಇದ್ದಾರೆ. ಇಬ್ಬರೂ ಗಟ್ಟಿಯಾಗಿಯೇ ಹೇಳುತ್ತಾರೆ. ಒಂದೇ ಜಾಗದಲ್ಲಿ ನಿಂತು ಐವತ್ತು ವರ್ಷಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳಿದ್ದರೆ ವಾದ ಅಲ್ಲಿಗೇ ಮುಗಿಯುತ್ತದೆ. ಮಣ್ಣು ಕುಸಿತದ ವಿಷಯವೂ ಹೀಗೆಯೇ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರಲ್ಲಿ ಮೂಡಿಗೆರೆ ಕಡೆ ಗುಡ್ಡಗಳು ತೋಟ ಮನೆಗಳ ಸಮೇತ ಜಾರಿದವು. ಆ ಇಳಿಜಾರು ಮೊದಲು ಹೇಗಿತ್ತು, ಎಲ್ಲಿ ಅಗೆದು ಸಮ ಮಾಡಿದ್ದರು, ನೀರಿನ ದಾರಿ ಯಾವ ಕಡೆಯಿಂದ ಹೋಗುತ್ತಿತ್ತು ಎಂಬ ಪ್ರಶ್ನೆಗಳಿಗೆ ಮನೆಯ ಮುಂದೆ ಯಾವುದೋ ಹಬ್ಬದ ದಿನ ತೆಗೆದ ಒಂದು ಸಾಮಾನ್ಯ ಫೋಟೋ ಉತ್ತರ ಕೊಡಬಹುದಾಗಿತ್ತು. ಮನೆಯ ಜತೆಗೆ ಆಲ್ಬಮ್ಮೂ ಕೆಸರಿನಲ್ಲಿ ಹೋದವರಿಗೆ ಆ ಉತ್ತರವೂ ಹೋಯಿತು.

ಚಿತ್ರ ಸುಳ್ಳು ಹೇಳುವುದಿಲ್ಲವೆಂದು ನಾನು ವಾದಿಸುತ್ತಿಲ್ಲ. ಬೇಕಾದಷ್ಟು ಹೇಳುತ್ತದೆ. ಸ್ಟುಡಿಯೋದವರ ಕೋಟನ್ನೇ ತೊಟ್ಟು, ಅವರದ್ದೇ ಕೈಗಡಿಯಾರ ಕಟ್ಟಿ, ಪರದೆಯ ಮೇಲೆ ಬರೆದ ಅರಮನೆಯ ಮೆಟ್ಟಿಲ ಮುಂದೆ ನಿಂತ ಮದುಮಗನ ಚಿತ್ರ ನಮ್ಮಲ್ಲಿ ಯಾರ ಮನೆಯಲ್ಲಿಲ್ಲ? ಎಸ್ಟೇಟಿನ ಗುಂಪು ಚಿತ್ರದಲ್ಲಿ ಎಲ್ಲರೂ ಹೊಸ ಬಟ್ಟೆ ಉಟ್ಟು ನಗುತ್ತಿದ್ದರೆ ಲೈನ್ ಮನೆಯ ಸೋರುವ ಮಾಡು ಅದರಲ್ಲಿ ಕಾಣುವುದಿಲ್ಲ. ಇದನ್ನು ತಿಳಿದೇ ನೋಡಬೇಕು. ಬರೆದ ದಾಖಲೆಗಳೂ ಅಷ್ಟೇ ಅಲ್ಲವೇ?

ಮತ್ತೊಂದು ಕಸಿವಿಸಿಯ ವಿಷಯ ಬೇಟೆಯ ಚಿತ್ರಗಳು. ಹುಲಿಯ ಮೇಲೆ ಕಾಲಿಟ್ಟು ಕೋವಿ ಹಿಡಿದು ನಿಂತ ಹಿರಿಯರ ಫೋಟೋ ಎಷ್ಟೋ ಮನೆಗಳ ಜಗಲಿಯಲ್ಲಿ ರಾರಾಜಿಸುತ್ತಿತ್ತು. 1972ರ ವನ್ಯಜೀವಿ ಕಾನೂನು ಬಂದ ಮೇಲೆ ಕೆಲವರು ಅವನ್ನು ಒಳಗಿಟ್ಟರು, ಕೆಲವರು ಸುಟ್ಟೇಬಿಟ್ಟರು. ನನ್ನ ಅಭಿಪ್ರಾಯದಲ್ಲಿ ಸುಡಬಾರದು. ಅಜ್ಜ ಮಾಡಿದ್ದು ಸರಿಯೋ ತಪ್ಪೋ ಎಂಬ ತೀರ್ಪನ್ನು ಚಿತ್ರದ ಮೇಲೆ ತೀರಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಯಾವ ಗುಡ್ಡದಲ್ಲಿ ಯಾವ ಪ್ರಾಣಿ ಇತ್ತೆಂಬುದಕ್ಕೆ ಅದಕ್ಕಿಂತ ಖಚಿತವಾದ ಪುರಾವೆ ಬೇರೆಲ್ಲಿ ಸಿಗುತ್ತದೆ? ಕಾಫಿ ಬೆಳೆಗಾರರೇ ಆಗಿದ್ದ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಕೋವಿಯನ್ನೂ ಬಲ್ಲವರು, ಕ್ಯಾಮೆರಾವನ್ನೂ ಬಲ್ಲವರು. ಅವರು ತಾಳ್ಮೆಯಿಂದ ತೆಗೆದ ಹಕ್ಕಿಗಳ ಚಿತ್ರಗಳು, ಅವರು 2007ರಲ್ಲಿ ತೀರಿಕೊಂಡ ಮೇಲೂ, ಮಲೆನಾಡಿನ ತೋಟಗಳಲ್ಲಿ ಏನೇನಿತ್ತೆಂಬುದಕ್ಕೆ ಸಾಕ್ಷಿಯಾಗಿ ಉಳಿದಿವೆ.

ನಮ್ಮ ಹವೆಯಂತೂ ಫೋಟೋಗಳ ಪಾಲಿನ ಯಮ. ಕಪ್ಪು ಬಿಳುಪು ಚಿತ್ರದ ಮೇಲ್ಪದರ ಜೆಲಟಿನ್, ಅಂದರೆ ಪ್ರಾಣಿಜನ್ಯ ಅಂಟು. ಜೂನಿನಿಂದ ಸೆಪ್ಟೆಂಬರಿನವರೆಗೆ ಅದು ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ, ಬೂಷ್ಟಿಗೆ ಒಳ್ಳೆಯ ಊಟವಾಗುತ್ತದೆ, ಚೌಕಟ್ಟಿನ ಗಾಜಿಗೆ ಅಂಟಿಕೊಳ್ಳುತ್ತದೆ. ಗಾಜಿಗೆ ಅಂಟಿದ ಚಿತ್ರವನ್ನು ಒಣಗಿದ್ದಾಗ ಕಿತ್ತರೆ ಮುಖವೆಲ್ಲ ಗಾಜಿನಲ್ಲೇ ಉಳಿಯುತ್ತದೆ. ಆದ್ದರಿಂದ ಕೀಳಲೇಬೇಡಿ, ಗಾಜಿನ ಮೂಲಕವೇ ನಕಲು ತೆಗೆಸಿ. 1970–80ರ ದಶಕದ ಬಣ್ಣದ ಚಿತ್ರಗಳ ಸ್ಥಿತಿ ಅದಕ್ಕಿಂತ ಕೆಟ್ಟದ್ದು. ಅಜ್ಜಿಯ ಕಪ್ಪು ಬಿಳುಪು ಚಿತ್ರ ನೂರು ವರ್ಷವಾದರೂ ಸ್ಪಷ್ಟವಿರುತ್ತದೆ. ಮಗಳ ಮದುವೆಯ ಬಣ್ಣದ ಚಿತ್ರದಲ್ಲಿ ನೀಲಿ ಹಸಿರು ಹಾರಿಹೋಗಿ ಎಲ್ಲರೂ ಕುಂಕುಮದ ನೀರಿನಲ್ಲಿ ಮಿಂದವರಂತೆ ಕಾಣುತ್ತಾರೆ. ಇನ್ನು ಅಂಟು ಹಾಳೆಯ ಮೇಲೆ ಚಿತ್ರವಿಟ್ಟು ಪ್ಲಾಸ್ಟಿಕ್ ಮುಚ್ಚುವ ಆಲ್ಬಮ್ಮುಗಳು. ಅವನ್ನು ಕಂಡುಹಿಡಿದವರು ಮಲೆನಾಡನ್ನು ನೋಡಿರಲಾರರು.

ಸ್ಟುಡಿಯೋಗಳ ಮಾತು ಹೇಳದೆ ಬಿಡುವಂತಿಲ್ಲ. ನಮ್ಮ ಕಡೆಯ ಪೇಟೆಯೊಂದರಲ್ಲಿ ಮೂರು ತಲೆಮಾರು ನಡೆದ ಸ್ಟುಡಿಯೋ ಬಾಗಿಲು ಹಾಕಿದಾಗ ಕಟ್ಟಡ ಖಾಲಿ ಮಾಡಬೇಕಾಗಿ ಬಂತು. ಪೆಟ್ಟಿಗೆಗಟ್ಟಲೆ ನೆಗೆಟಿವ್, ಅದಕ್ಕೂ ಹಿಂದಿನ ಗಾಜಿನ ತಟ್ಟೆಗಳು. ಊರಿನ ಸಂಸ್ಥೆಯೊಂದಕ್ಕೆ ಒಪ್ಪಿಸುತ್ತೇವೆಂದು ಮನೆಯವರು ಕೇಳಿಕೊಂಡರು. ಜಾಗವಿಲ್ಲವೆಂಬ ಉತ್ತರ ಬಂತು. ಸುದ್ದಿ ತಿಳಿದು ನಾವು ಹೋಗುವಷ್ಟರಲ್ಲಿ ನೆಗೆಟಿವ್‌ಗಳು ಗುಜರಿಗೆ ಹೋಗಿದ್ದವು. ಗಾಜಿನ ತಟ್ಟೆಗಳನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಚೌಕಟ್ಟು ಹಾಕುವವರು ಕೊಂಡೊಯ್ದಿದ್ದರು. ಒಂದು ತಾಲ್ಲೂಕಿನ ಅರ್ಧ ಶತಮಾನದ ಮದುವೆ, ಮುಂಜಿ, ಜಾತ್ರೆ, ಚುನಾವಣೆ, ಶಾಲಾ ವಾರ್ಷಿಕೋತ್ಸವಗಳು ತೊಳೆದುಹೋದದ್ದು ಹೀಗೆ, ಒಂದು ಮಧ್ಯಾಹ್ನದಲ್ಲಿ.

ಇದಕ್ಕೆ ಸಹಕಾರ ಸಂಘವೇ ಏಕೆ ಕೈಹಾಕಬೇಕು, ಸರ್ಕಾರವಿಲ್ಲವೇ ಎಂದು ಕೇಳಬಹುದು. ಸರ್ಕಾರದ ದಫ್ತರಕ್ಕೆ ಸರ್ಕಾರದ ಕಾಗದ ಸೇರುತ್ತದೆ. ಅಡಿಕೆ ಸುಲಿಯುವ ಹೆಂಗಸಿನ ಮುಖ ಸೇರುವುದಿಲ್ಲ. ಮಠಗಳು, ಜಾತಿ ಸಂಘಗಳು ಸಂಗ್ರಹಿಸಿದರೆ ತಂತಮ್ಮವರದನ್ನಷ್ಟೇ ಸಂಗ್ರಹಿಸುತ್ತವೆ. ಸಹಕಾರ ಸಂಘದ ಸದಸ್ಯತ್ವದ ಪುಸ್ತಕದಲ್ಲಿ ಮಾತ್ರ ಎಲ್ಲ ಊರಿನ, ಎಲ್ಲ ಕುಲದ, ನೂರು ಎಕರೆಯ, ಹತ್ತು ಗುಂಟೆಯ ಬೆಳೆಗಾರರು ಒಟ್ಟಿಗೆ ಇದ್ದಾರೆ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಮೊಟ್ಟಮೊದಲ ಸಂಘ ಹುಟ್ಟಿದಾಗಿನಿಂದ, ಶಿರಸಿಯ ತೋಟಗಾರ್ಸ್ ಸೊಸೈಟಿ (1923), ಶಿವಮೊಗ್ಗದ ಮ್ಯಾಮ್ಕೋಸ್ (1939), ಮಂಗಳೂರಿನ ಕ್ಯಾಂಪ್ಕೋ (1973) ಇವುಗಳವರೆಗೆ ನಮ್ಮ ಬದುಕನ್ನು ಎತ್ತಿ ನಿಲ್ಲಿಸಿದ್ದು ಈ ಚಳವಳಿ. ಆದರೆ ಸಂಘಗಳು ಬೆಳ್ಳಿಹಬ್ಬ, ಚಿನ್ನದ ಹಬ್ಬಗಳಿಗೆ ತರುವ ಸ್ಮರಣ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ಅಂಚೆಚೀಟಿಯಷ್ಟು ಗಾತ್ರದ ಅಧ್ಯಕ್ಷರುಗಳ ಸಾಲು, ಜಾಹೀರಾತು, ಸಚಿವರ ಶುಭಾಶಯ. ಮೂಟೆ ತೂಗಿದವರ, ಹೊತ್ತವರ, ಎತ್ತಿನ ಗಾಡಿಯಲ್ಲಿ ಸಾಗಿಸಿದವರ ಚಿತ್ರ ಹುಡುಕಿದರೂ ಸಿಗುವುದಿಲ್ಲ. ಕಾಫಿಯನ್ನು ಮಂಡಳಿಯ ಪೂಲಿಗೆ ಕೊಟ್ಟು ವರ್ಷಗಟ್ಟಲೆ ಕಂತಿಗಾಗಿ ಕಾಯುತ್ತಿದ್ದ ಪದ್ಧತಿ 1996ರಲ್ಲಿ ಪೂರ್ತಿ ನಿಂತಿತು. ಕ್ಯೂರಿಂಗ್ ವರ್ಕ್ಸಿನ ಅಂಗಳದಲ್ಲಿ ಸಾಲಾಗಿ ಕುಳಿತು ಬೀಜ ಹೆಕ್ಕುತ್ತಿದ್ದ ನೂರಾರು ಹೆಂಗಸರನ್ನು ಕಂಡವರು ಇನ್ನೂ ಇದ್ದಾರೆ. ಅದರ ಚಿತ್ರ ಇಟ್ಟವರು ಇದ್ದರೆ ದಯವಿಟ್ಟು ಎಸೆಯಬೇಡಿ.

ನನ್ನ ಸೂಚನೆ ದೊಡ್ಡದಲ್ಲ. ಸಂಘವು ಯಾರ ಮನೆಯ ಮೂಲ ಚಿತ್ರವನ್ನೂ ತೆಗೆದುಕೊಳ್ಳಬಾರದು. ಒಮ್ಮೆ ಕೈಬಿಟ್ಟ ಚಿತ್ರ ಮನೆಗೆ ವಾಪಸು ಬರುವುದಿಲ್ಲ ಎಂಬ ಭಯ ಜನರಿಗಿದೆ, ಆ ಭಯಕ್ಕೆ ಕಾರಣವೂ ಇದೆ. ಪ್ರತಿ ಶಾಖೆಯಲ್ಲಿ ವರ್ಷಕ್ಕೆರಡು ದಿನ ಸ್ಕ್ಯಾನರು ಇಟ್ಟು, ಸದಸ್ಯರು ತಂದ ಚಿತ್ರಗಳನ್ನು ಅವರ ಎದುರಿಗೇ ನಕಲು ಮಾಡಿ, ಮೂಲವನ್ನು ಆ ಕ್ಷಣವೇ ಕೈಗೆ ಕೊಡಬೇಕು. ಸ್ಮರಣ ಸಂಚಿಕೆಯೊಂದರ ಖರ್ಚಿನ ಸಣ್ಣ ಪಾಲಿನಲ್ಲಿ ಇಷ್ಟು ಆಗುತ್ತದೆ. ನಕಲಿಗಿಂತ ಮುಖ್ಯವಾದದ್ದು ಅದರ ಜತೆಗಿನ ಬರವಣಿಗೆ: ಯಾರು, ಯಾವ ಊರು, ಸುಮಾರು ಯಾವ ವರ್ಷ, ಏನು ಸಂದರ್ಭ, ಹೇಳಿದವರು ಯಾರು. ಹಿಂದಿನ ಸಾಲಿನಲ್ಲಿ ನಿಂತವರ ಹೆಸರು ಮೊದಲು ಕೇಳಬೇಕು; ಕುರ್ಚಿಯಲ್ಲಿ ಕುಳಿತವರ ಹೆಸರು ಹೇಗೂ ಸಿಗುತ್ತದೆ. ಅದಕ್ಕಾಗಿ ಲೈನ್ ಮನೆಗಳಿಗೂ, ಕೇರಿಗಳಿಗೂ ಹೋಗಬೇಕಾದೀತು. ಅವರ ಮನೆಯಲ್ಲೂ ಒಂದೋ ಎರಡೋ ಚಿತ್ರವಿರುತ್ತದೆ, ಕ್ಯಾಲೆಂಡರಿನ ಹಿಂದೆಯೋ ಅಕ್ಕಿ ಡಬ್ಬದಲ್ಲೋ. ಯಾವುದನ್ನು ನಾಲ್ಕು ಜನರಿಗೆ ತೋರಿಸಬಹುದು, ಯಾವುದನ್ನು ಮನೆಯೊಳಗೇ ಇಡಬೇಕು ಎಂಬುದು ಆಯಾ ಮನೆಯವರ ಇಷ್ಟ. ಹೆಂಗಸರ ಚಿತ್ರಗಳ ವಿಷಯದಲ್ಲಿ ಹೆಂಗಸರನ್ನೇ ಕೇಳಬೇಕು, ಅವರ ಗಂಡಂದಿರನ್ನಲ್ಲ.

ಆಡಳಿತ ಮಂಡಳಿಯ ಮುಂದೆ ಇದನ್ನು ಬರವಣಿಗೆಯಲ್ಲಿ ಕೊಟ್ಟಿದ್ದೇನೆ. ನಿರ್ಧಾರಕ್ಕೆ ಕಾಯುತ್ತ ಕೂರುವ ಅಗತ್ಯವಿಲ್ಲ. ಮಳೆ ಹಿಡಿಯಲು ಇನ್ನು ಕೆಲವು ವಾರಗಳಿವೆ. ಅಟ್ಟದಲ್ಲಿರುವುದನ್ನು ಇಳಿಸಿ, ನೆರಳಿನಲ್ಲಿ ಎರಡು ದಿನ ಆರಲು ಬಿಡಿ, ಬಿಸಿಲಿಗೆ ಹಾಕಬೇಡಿ. ಬೂಷ್ಟಿದ್ದರೆ ಒಣ ಮೆದು ಬ್ರಷ್ಷಿನಿಂದ ಹೊರಗಡೆ ನಿಂತು ಮೆಲ್ಲಗೆ ಜಾಡಿಸಿ, ಒದ್ದೆ ಬಟ್ಟೆ ತಾಗಿಸಬೇಡಿ. ಚಿತ್ರದ ಹಿಂದೆ ಮೆದು ಪೆನ್ಸಿಲಿನಲ್ಲಿ ಹಗುರಾಗಿ ಬರೆಯಿರಿ; ಬಾಲ್‌ಪೆನ್ನು ಒತ್ತಿದರೆ ಗೆರೆ ಮುಂದಕ್ಕೆ ಮೂಡುತ್ತದೆ. ಬಿಳಿ ಕಾಗದದಲ್ಲಿ ಒಂದೊಂದನ್ನೂ ಸುತ್ತಿ, ಮುಚ್ಚಳ ಗಟ್ಟಿಯಿರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣವಿಟ್ಟು, ನೆಲಕ್ಕೂ ಹೊರಗೋಡೆಗೂ ತಾಗದ ಕಪಾಟಿನಲ್ಲಿಡಿ. ವಾರ್ಷಿಕ ಮಹಾಸಭೆಗೆ ಬರುವಾಗ ಒಂದು ಚಿತ್ರ ತನ್ನಿ. ಸಾಧ್ಯವಾದರೆ ಆ ಚಿತ್ರದಲ್ಲಿರುವವರನ್ನು ಬಲ್ಲ ಹಿರಿಯರೊಬ್ಬರನ್ನೂ ಕರೆತನ್ನಿ. ಅವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುವ ವ್ಯವಸ್ಥೆ ನಾವು ನೋಡಿಕೊಳ್ಳುತ್ತೇವೆ.